3.3 ವೋಲ್ಟ್ ಪಲ್ಸ್ ಸಾಲದಾಗ: ಕೊರತೆ ವೋಲ್ಟೇಜಿನದೋ, ಕರೆಂಟಿನದೋ?

ಪ್ರಶ್ನೆ: ನಾನು ಲೇಸರ್ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಡಿಜಿಟಲ್ ಚಿಪ್) ಬೋರ್ಡಿನಿಂದ 3.3 ವೋಲ್ಟ್ ಎತ್ತರದ, 50 ನ್ಯಾನೋಸೆಕೆಂಡ್ ಅಗಲದ ಪಲ್ಸ್‌ಗಳು ಸೆಕೆಂಡಿಗೆ ಹತ್ತು ಲಕ್ಷದಂತೆ ಬರುತ್ತಿವೆ. ಇವುಗಳಿಂದ ಎರಡು ಉಪಕರಣಗಳನ್ನು ನಡೆಸಬೇಕು. ಒಂದು, ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರಿನ ಡ್ರೈವರ್; ಅದರ ಇನ್‌ಪುಟ್ ಟಿಟಿಎಲ್ (ಹೌದು-ಇಲ್ಲ ಎಂಬ ಎರಡೇ ಮಟ್ಟದ ಡಿಜಿಟಲ್ ಸಂಕೇತ), 50 ಓಮ್. ಇನ್ನೊಂದು, ಫೈಬರ್ ಜೋಡಿಸಿದ ಲಿಥಿಯಂ ನಯೋಬೇಟ್ ತೀವ್ರತಾ ಮಾಡ್ಯುಲೇಟರ್. ಅದರ ವಿ-ಪೈ 5 ವೋಲ್ಟ್. ಕೇಬಲ್ ಸಿಕ್ಕಿಸಿದ ಕೂಡಲೇ ಪಲ್ಸ್ 1.6 ವೋಲ್ಟಿಗೆ ಕುಸಿಯುತ್ತದೆ. ಟಿಎಲ್081 ಆಪ್-ಆಂಪ್ ಹಾಕಿ ಎರಡು ಪಟ್ಟು ಮಾಡಲು ಹೋದರೆ ಪಲ್ಸ್ ಮಾಯವಾಗಿ ಒಂದು ಸಣ್ಣ ದಿಬ್ಬ ಉಳಿಯಿತು. ಟ್ರಾನ್ಸ್‌ಫಾರ್ಮರ್ ಹಾಕು ಎಂದು ಸಹಪಾಠಿ ಹೇಳುತ್ತಾನೆ. ಮುಂದೆ ಇದೇ ಪಲ್ಸಿನಿಂದ ಪಾಕೆಲ್ಸ್ ಸೆಲ್ (ವೋಲ್ಟೇಜ್ ಕೊಟ್ಟಾಗ ಬೆಳಕಿನ ಧ್ರುವೀಕರಣ ಬದಲಿಸುವ ಹರಳು) ಕೂಡ ನಡೆಸುವ ಯೋಚನೆ ಇದೆ. ವೋಲ್ಟೇಜ್ ಏರಿಸುವ ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ. ಕೇಬಲ್ ಸಿಕ್ಕಿಸುವ ಮೊದಲು 3.3 ವೋಲ್ಟ್, ಸಿಕ್ಕಿಸಿದ ಮೇಲೆ 1.6. ಅಂದರೆ ಪಿನ್ನಿನ ಒಳಗೆ ಸುಮಾರು 50 ಓಮ್‌ನಷ್ಟು ಪ್ರತಿರೋಧ ಅಡಗಿದೆ. ಹೊರಗಿನ 50 ಓಮ್ ಜೊತೆ ಸೇರಿ ಅದು ವೋಲ್ಟೇಜನ್ನು ಸರಿಸಮ ಪಾಲು ಮಾಡಿಕೊಂಡಿದೆ. ವೋಲ್ಟೇಜ್ ಇತ್ತು, ಅದನ್ನು ಹೊರುವ ಕರೆಂಟ್ ಇರಲಿಲ್ಲ. 50 ಓಮ್ ಮೇಲೆ 5 ವೋಲ್ಟ್ ನಿಲ್ಲಬೇಕಾದರೆ 100 ಮಿಲಿಆಂಪಿಯರ್ ಬೇಕು. ನಿಮ್ಮ ಎಫ್‌ಪಿಜಿಎ ಪಿನ್ ಈಗ ಕೊಡುತ್ತಿರುವುದು ಮೂವತ್ತು ಚಿಲ್ಲರೆ ಮಿಲಿಆಂಪಿಯರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದ್ದರಿಂದ 'ವೋಲ್ಟೇಜ್ ಏರಿಸುವುದು ಹೇಗೆ' ಎನ್ನುವ ಪ್ರಶ್ನೆಯನ್ನು 'ಇಷ್ಟು ಕರೆಂಟನ್ನು ಇಷ್ಟು ಬೇಗ ಈ ಹೊರೆಗೆ ತುಂಬುವುದು ಹೇಗೆ' ಎಂದು ತಿದ್ದಿಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಈ ಒಂದು ತಿದ್ದುಪಡಿಯ ಸುತ್ತಲೇ ಇದೆ.

ಮೊದಲು ಸಹಪಾಠಿಯ ಸಲಹೆಯನ್ನು ಮುಗಿಸಿಬಿಡೋಣ. ಒಂದಕ್ಕೆ ಎರಡು ಸುತ್ತಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಎರಡು ಪಟ್ಟು ಮಾಡುತ್ತದೆ, ನಿಜ. ಆದರೆ ಅದೇ ಉಸಿರಿನಲ್ಲಿ ಕರೆಂಟನ್ನು ಅರ್ಧ ಮಾಡುತ್ತದೆ. ಆಚೆ ತುದಿಯ 50 ಓಮ್ ಈಚೆ ತುದಿಯಿಂದ ನೋಡಿದರೆ ನಾಲ್ಕನೇ ಒಂದು ಭಾಗ, ಅಂದರೆ 12.5 ಓಮ್ ಆಗಿ ಕಾಣುತ್ತದೆ. 50 ಓಮ್ ಹೊರಲಾರದ ಪಿನ್ನಿಗೆ 12.5 ಓಮ್ ಹೊರಿಸಿದ ಹಾಗಾಯಿತು. 3.3 ವೋಲ್ಟಿನ ಐದನೇ ಒಂದು ಭಾಗ ಸುತ್ತಿನ ಮೊದಲ ಬದಿಗೆ, ಅದರ ಎರಡು ಪಟ್ಟು ಎರಡನೇ ಬದಿಗೆ ಬರಬೇಕು. ಲೆಕ್ಕ ಹಾಕಿದರೆ 1.3 ವೋಲ್ಟ್, ಈಗಿರುವುದಕ್ಕಿಂತ ಕಡಿಮೆ. ಹಾಗೆಂದು ಟ್ರಾನ್ಸ್‌ಫಾರ್ಮರನ್ನು ನಾನು ಹೀಗಳೆಯುವುದಿಲ್ಲ. ಕೋಆಕ್ಸ್ ಕೇಬಲನ್ನೇ ಫೆರೈಟ್ ಉಂಗುರಕ್ಕೆ ಸುತ್ತಿ ಮಾಡುವ ಪ್ರಸರಣ-ಮಾರ್ಗ ಟ್ರಾನ್ಸ್‌ಫಾರ್ಮರ್‌ಗಳು, 1944ರಲ್ಲಿ ಗ್ವಾನೆಲ್ಲಾ ಬರೆದಿಟ್ಟ ಬಗೆಯವು, ಇಂದಿಗೂ ನ್ಯಾನೋಸೆಕೆಂಡ್ ಅಂಚುಗಳನ್ನು ಕೆಡಿಸದೆ ದಾಟಿಸುತ್ತವೆ. ಹೊರೆ 200 ಓಮ್ ಇದ್ದು ಆಕರ ಬಲವಾಗಿದ್ದರೆ ಅವು ಬಂಗಾರದಂಥವು. ನಿಮ್ಮ ಸಂದರ್ಭದಲ್ಲಿ ಎರಡೂ ಇಲ್ಲ.

ಆಪ್-ಆಂಪ್ ದಿಬ್ಬವಾದದ್ದೇಕೆ ಎಂಬುದಕ್ಕೂ ಒಂದೇ ಸಾಲಿನ ಲೆಕ್ಕ ಸಾಕು. ಟಿಎಲ್081ರ ಸ್ಲ್ಯೂ ರೇಟ್, ಅಂದರೆ ಅದರ ಔಟ್‌ಪುಟ್ ಏರಬಲ್ಲ ಗರಿಷ್ಠ ವೇಗ, ಮೈಕ್ರೋಸೆಕೆಂಡಿಗೆ ಸುಮಾರು 13 ವೋಲ್ಟ್. 50 ನ್ಯಾನೋಸೆಕೆಂಡಿನಲ್ಲಿ ಅದು ಹತ್ತಬಲ್ಲದ್ದು 0.65 ವೋಲ್ಟ್. ಅಷ್ಟರಲ್ಲಿ ಇನ್‌ಪುಟ್ ಪಲ್ಸ್ ಮುಗಿದೇ ಹೋಗಿರುತ್ತದೆ. ಪಾಪ, ಅದು ಅರ್ಧದಾರಿಯಿಂದ ಇಳಿಯತೊಡಗುತ್ತದೆ. 2 ನ್ಯಾನೋಸೆಕೆಂಡಿನಲ್ಲಿ 10 ವೋಲ್ಟ್ ಏರಬೇಕೆಂದರೆ ಶೇ 10ರಿಂದ ಶೇ 90ರವರೆಗಿನ ಏರಿಕೆಯನ್ನು ಮಾತ್ರ ಎಣಿಸಿದರೂ ಮೈಕ್ರೋಸೆಕೆಂಡಿಗೆ 4000 ವೋಲ್ಟ್ ಬೇಕಾಗುತ್ತದೆ. ಬ್ಯಾಂಡ್‌ವಿಡ್ತ್ ಕಡೆಯಿಂದ ನೋಡಿದರೆ 0.35ನ್ನು ಏರುವ ಕಾಲದಿಂದ ಭಾಗಿಸಿ: 2 ನ್ಯಾನೋಸೆಕೆಂಡಿಗೆ 175 ಮೆಗಾಹರ್ಟ್ಸ್. ಈ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳದೆ ಯಾವ ಚಿಪ್ಪನ್ನೂ ಕೊಳ್ಳಬೇಡಿ.

ಈಗ ಅಕೌಸ್ಟೋ-ಆಪ್ಟಿಕ್ ಡ್ರೈವರಿಗೆ ಬರೋಣ. ಇದಕ್ಕೆ ಆಂಪ್ಲಿಫೈಯರ್ ಬೇಕಾಗಿಯೇ ಇಲ್ಲ. ಟಿಟಿಎಲ್ ಇನ್‌ಪುಟ್ 2 ವೋಲ್ಟ್ ದಾಟಿದರೆ 'ಹೌದು' ಎನ್ನುತ್ತದೆ, ನಿಮ್ಮ 1.6 ವೋಲ್ಟ್ ಆ ಗೆರೆಯ ಕೆಳಗೇ ನಿಂತಿದೆ, ಅಷ್ಟೇ. ಕೆಲವೊಮ್ಮೆ ಕೆಲಸ ಮಾಡಿ ಕೆಲವೊಮ್ಮೆ ಮಾಡದಿರುವುದೂ ಇದರಿಂದಲೇ. 74ಎಸಿಟಿ244 ಎಂಬ ಎಂಟು ಬಫರ್‌ಗಳ ಚಿಪ್ ತೆಗೆದುಕೊಂಡು 5 ವೋಲ್ಟ್ ಕೊಡಿ. ಅದರಲ್ಲಿ ನಾಲ್ಕು ಬಫರ್‌ಗಳ ಇನ್‌ಪುಟ್‌ಗಳನ್ನು ಒಟ್ಟಿಗೆ ಕಟ್ಟಿ, ಪ್ರತಿ ಔಟ್‌ಪುಟ್ಟಿಗೆ 22 ಓಮ್ ರೆಸಿಸ್ಟರ್ ಹಾಕಿ, ಆಮೇಲೆ ನಾಲ್ಕನ್ನೂ ಕೇಬಲಿಗೆ ಸೇರಿಸಿ. 50 ಓಮ್ ಮೇಲೆ 4 ವೋಲ್ಟಿಗಿಂತ ಹೆಚ್ಚು ಸಿಗುತ್ತದೆ, ಒಂದೊಂದು ಬಫರ್ ಹೊರುವುದು ಇಪ್ಪತ್ತು ಚಿಲ್ಲರೆ ಮಿಲಿಆಂಪಿಯರ್ ಮಾತ್ರ. ಹೆಸರಿನ ಕೊನೆಯ 'ಟಿ' ಅಕ್ಷರವನ್ನು ಮರೆಯಬೇಡಿ. ಅದಿಲ್ಲದ 74ಎಸಿ ಬಳಗಕ್ಕೆ 5 ವೋಲ್ಟ್ ಕೊಟ್ಟರೆ ಇನ್‌ಪುಟ್ 3.5 ವೋಲ್ಟ್ ದಾಟಬೇಕೆಂದು ಕೇಳುತ್ತದೆ, ನಿಮ್ಮ 3.3 ಅಲ್ಲಿ ಮತ್ತೆ ಎರಡು ಕೂದಲೆಳೆಯಷ್ಟು ಕೆಳಗೆ. ಬೆಳಿಗ್ಗೆ ಓಡುವ, ಮಧ್ಯಾಹ್ನ ಬಿಸಿಯಾದ ಮೇಲೆ ನಿಲ್ಲುವ ಸರ್ಕ್ಯೂಟುಗಳು ಹುಟ್ಟುವುದು ಹೀಗೆಯೇ.

ಆದರೆ ಇಲ್ಲೊಂದು ಮಾತನ್ನು ನೀವು ಕೇಳಿಲ್ಲ, ನಾನೇ ಹೇಳಬೇಕು. ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರಿನಲ್ಲಿ ಬೆಳಕನ್ನು ತಿರುಗಿಸುವುದು ಹರಳಿನೊಳಗಿನ ಶಬ್ದದ ಅಲೆ. ಟೆಲ್ಯೂರಿಯಂ ಡೈಆಕ್ಸೈಡಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 4200 ಮೀಟರ್. ನಿಮ್ಮ ಕಿರಣ 1 ಮಿಲಿಮೀಟರ್ ಅಗಲವಿದ್ದರೆ ಅಲೆ ಅದನ್ನು ಅಡ್ಡ ಹಾಯುವುದಕ್ಕೇ ಸಮಯ ಬೇಕು. ಬೆಳಕು ಏರುವ ಕಾಲ ಸುಮಾರು 150 ನ್ಯಾನೋಸೆಕೆಂಡ್ ಆಗುತ್ತದೆ. 50 ನ್ಯಾನೋಸೆಕೆಂಡಿನ ಪಲ್ಸನ್ನು ಎಷ್ಟು ಚೂಪು ಮಾಡಿ ಕೊಟ್ಟರೂ ಅಲ್ಲಿ ಬೆಳಕು ಪೂರ್ತಿ ತೆರೆದುಕೊಳ್ಳುವುದೇ ಇಲ್ಲ. ಲೆನ್ಸ್ ಇಟ್ಟು ಕಿರಣವನ್ನು 0.2 ಮಿಲಿಮೀಟರಿಗೆ ಕಿರಿದು ಮಾಡಿದರೆ 30 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಎಲೆಕ್ಟ್ರಾನಿಕ್ಸಿಗೆ ಹಣ ಸುರಿಯುವ ಮುನ್ನ ಕಿರಣದ ಅಗಲ ಅಳೆಯಿರಿ. ಜೊತೆಗೆ, ಕಿರಣವು ಶಬ್ದ ಹುಟ್ಟುವ ಅಂಚಿನಿಂದ ಒಂದು ಮಿಲಿಮೀಟರ್ ದೂರ ಸರಿದರೆ ಸುಮಾರು 240 ನ್ಯಾನೋಸೆಕೆಂಡ್ ವಿಳಂಬ ಸೇರುತ್ತದೆ. ಎರಡು ಉಪಕರಣಗಳನ್ನೂ ಒಂದೇ ಗಡಿಯಾರಕ್ಕೆ ಹೊಂದಿಸುವಾಗ ಈ ವಿಳಂಬ ನಿಮ್ಮನ್ನು ಕಾಡದೆ ಬಿಡುವುದಿಲ್ಲ.

ನಿಜವಾದ ಕೆಲಸ ಇರುವುದು ಲಿಥಿಯಂ ನಯೋಬೇಟ್ ಮಾಡ್ಯುಲೇಟರಿನಲ್ಲಿ. ವಿ-ಪೈ ಎಂದರೆ ಬೆಳಕನ್ನು ಪೂರ್ತಿ ಕತ್ತಲಿಂದ ಪೂರ್ತಿ ಬೆಳಕಿಗೆ ಒಯ್ಯುವ ವೋಲ್ಟೇಜ್. ನಿಮಗೆ ಬೇಕಾದದ್ದು 0 ಮತ್ತು 5 ವೋಲ್ಟ್, ಎರಡೇ ಮಟ್ಟ. ನಡುವಿನ ಆಕಾರ ಬೇಡವಾದಲ್ಲಿ ಆಂಪ್ಲಿಫೈಯರ್ ದುಂದುವೆಚ್ಚ, ಬೇಕಿರುವುದು ಸ್ವಿಚ್. ನನ್ನ ಮೆಚ್ಚಿನ ಉಪಾಯ ಮಾಸ್‌ಫೆಟ್ ಗೇಟ್ ಡ್ರೈವರ್. ಪವರ್ ಸಪ್ಲೈಗಳಲ್ಲಿ ದೊಡ್ಡ ಮಾಸ್‌ಫೆಟ್ಟಿನ ಗೇಟನ್ನು ಒದ್ದು ಎಬ್ಬಿಸಲೆಂದು ಮಾಡಿದ ಚಿಪ್ ಇದು. ಹಲವು ಆಂಪಿಯರ್ ಕೊಡಬಲ್ಲದು, ಟಿಟಿಎಲ್ ಮಟ್ಟಕ್ಕೇ ಓಗೊಡುತ್ತದೆ, ಪೂರೈಕೆ 18 ವೋಲ್ಟ್‌ವರೆಗೆ ಹೋಗುತ್ತದೆ. ಉದಾಹರಣೆಗೆ ಯುಸಿಸಿ27511. ಅದರ ಔಟ್‌ಪುಟ್ಟಿಗೆ ಸರಣಿಯಲ್ಲಿ 47 ಓಮ್ ಹಾಕಿ ಕೇಬಲಿಗೆ ಕೊಡಿ. ಮಾಡ್ಯುಲೇಟರಿನೊಳಗೆ 50 ಓಮ್ ಇದ್ದೇ ಇರುತ್ತದೆ. ಪೂರೈಕೆಯ ಅರ್ಧದಷ್ಟು ವೋಲ್ಟ್ ಹೊರೆಯ ಮೇಲೆ ಬೀಳುತ್ತದೆ: 10 ವೋಲ್ಟ್ ಕೊಟ್ಟರೆ ಸುಮಾರು 5. ಸೊಗಸೇನೆಂದರೆ, ಪಲ್ಸಿನ ಎತ್ತರ ಬದಲಿಸಲು ಬೆಂಚ್ ಪವರ್ ಸಪ್ಲೈಯ ಗುಬುಟು ತಿರುಗಿಸಿದರೆ ಆಯಿತು. ಬಿಸಿಯ ಚಿಂತೆಯೂ ಇಲ್ಲ. 12 ವೋಲ್ಟಿಗೇ ಲೆಕ್ಕ ಹಾಕಿದರೂ ಸುಮಾರು 120 ಮಿಲಿಆಂಪಿಯರ್, 1.4 ವ್ಯಾಟ್, ಆದರೆ ನಿಮ್ಮ ಪಲ್ಸ್ ಕಾಲದ ಇಪ್ಪತ್ತನೇ ಒಂದು ಭಾಗ ಮಾತ್ರ ಇರುವುದರಿಂದ ಸರಾಸರಿ 70 ಮಿಲಿವ್ಯಾಟ್ ಆಸುಪಾಸು, ಜೊತೆಗೆ ಚಿಪ್ಪಿನ ಸ್ವಂತ ಖರ್ಚು.

ಸರಣಿ ರೆಸಿಸ್ಟರ್ ಯಾಕೆ, ನೇರವಾಗಿ 5 ವೋಲ್ಟ್ ಕೊಟ್ಟರಾಗದೇ ಎಂದು ಕೇಳಬಹುದು. ಆಗುತ್ತದೆ, ಮಾಡ್ಯುಲೇಟರಿನ 50 ಓಮ್ ನಿಜಕ್ಕೂ 50 ಆಗಿದ್ದರೆ. ಅದು 45 ಅಥವಾ 40 ಇದ್ದರೆ ಅಲೆಯ ಒಂದು ಪಾಲು ಹಿಂದೆ ಪುಟಿಯುತ್ತದೆ. ಕೋಆಕ್ಸಿನಲ್ಲಿ ಮೀಟರಿಗೆ 5 ನ್ಯಾನೋಸೆಕೆಂಡ್. 2 ಮೀಟರ್ ಕೇಬಲಿನಲ್ಲಿ ಹೋಗಿ ಬರಲು 20. ಆಕರದ ಕಡೆ 50 ಓಮ್ ಇದ್ದರೆ ಹಿಂದಿರುಗಿದ ಅಲೆ ಅಲ್ಲೇ ಸಾಯುತ್ತದೆ. ಇಲ್ಲದಿದ್ದರೆ ಮತ್ತೆ ಪುಟಿದು ಮಾಡ್ಯುಲೇಟರಿಗೆ ಬಂದು, ಪಲ್ಸಿನ ಮೇಲೂ ಪಲ್ಸ್ ಮುಗಿದ ಮೇಲೂ 20 ನ್ಯಾನೋಸೆಕೆಂಡಿಗೊಮ್ಮೆ ಮೆಟ್ಟಿಲು ಕಟ್ಟುತ್ತದೆ.

ಪಲ್ಸ್ ಮುಗಿದ ಮೇಲಿನ ಮೆಟ್ಟಿಲು ಎಂದೆನಲ್ಲ, ಅದರ ಬಗ್ಗೆ ತುಸು ನಿಲ್ಲೋಣ. ಈ ಮಾಡ್ಯುಲೇಟರಿನ ಬೆಳಕು ವೋಲ್ಟೇಜಿಗೆ ಸೈನ್ ವರ್ಗದ ಗೆರೆಯಲ್ಲಿ ಬದಲಾಗುತ್ತದೆ. ಮೇಲ್ತುದಿಯಲ್ಲಿ ಗೆರೆ ಚಪ್ಪಟೆ. ಪಲ್ಸಿನ ನೆತ್ತಿಯ ಮೇಲೆ ಶೇ 5ರಷ್ಟು ತುಯ್ದಾಟ ಇದ್ದರೂ ಬೆಳಕು ಶೇ 0.6ರಷ್ಟು ಮಾತ್ರ ತಗ್ಗುತ್ತದೆ. ಯಾರ ಕಣ್ಣಿಗೂ ಬೀಳದು. ತಳದಲ್ಲೂ ಗೆರೆ ಅಷ್ಟೇ ಚಪ್ಪಟೆ, ಅಲ್ಲೂ ಸೋರುವುದು ಅದೇ ಶೇ 0.6. ಆದರೆ ಅಲ್ಲಿ ಅದು ಕತ್ತಲಿನ ಮೇಲೆ ಬೀಳುವ ಬೆಳಕು. ಆನ್-ಆಫ್ ಅನುಪಾತ 22 ಡೆಸಿಬೆಲ್‌ಗೆ ಕಟ್ಟಿಬೀಳುತ್ತದೆ, ಮಾಡ್ಯುಲೇಟರ್ 30 ಕೊಡಬಲ್ಲದಾದರೂ. ಆದ್ದರಿಂದ ಆಸಿಲೋಸ್ಕೋಪಿನಲ್ಲಿ ಎಲ್ಲರೂ ನೆತ್ತಿಯನ್ನು ನೋಡುತ್ತಾ ಕೂತಿರುವಾಗ ನೀವು ಬುಡವನ್ನು ನೋಡಿ.

ಇದೇ ಕಾರಣಕ್ಕೆ ಡಿಸಿ ದಾಟಿಸದ ಆರ್‌ಎಫ್ ಆಂಪ್ಲಿಫೈಯರ್‌ಗಳ ವಿಷಯದಲ್ಲಿ ನಾನು ಎಚ್ಚರ ಹೇಳುತ್ತೇನೆ. ಪ್ರಯೋಗಾಲಯದ ಕಪಾಟಿನಲ್ಲಿ ಒಂದಾದರೂ ಬಿದ್ದಿರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಅದರ ಕೆಳಮಿತಿ 100 ಕಿಲೋಹರ್ಟ್ಸ್ ಎಂದುಕೊಳ್ಳಿ. 50 ನ್ಯಾನೋಸೆಕೆಂಡಿನ ಪಲ್ಸಿನ ನೆತ್ತಿ ಶೇ 3ರಷ್ಟು ಜಾರುತ್ತದೆ, ಸಹಿಸಬಹುದು. 1 ಮೈಕ್ರೋಸೆಕೆಂಡಿನ ಪಲ್ಸ್ ಕೊಟ್ಟರೆ ಮುಗಿಯುವಷ್ಟರಲ್ಲಿ ಅರ್ಧದಷ್ಟು ಕುಸಿದಿರುತ್ತದೆ. ಅದಕ್ಕಿಂತ ಕಳ್ಳ ದೋಷ ಇನ್ನೊಂದು: ಪಲ್ಸ್‌ಗಳ ಸರಾಸರಿಯನ್ನು ಅದು ಸೊನ್ನೆಗೆ ಎಳೆಯುತ್ತದೆ. ಕಾಲದ ಇಪ್ಪತ್ತನೇ ಒಂದು ಭಾಗ 5 ವೋಲ್ಟ್ ಇದ್ದರೆ ಬುಡ 0.25 ವೋಲ್ಟ್ ಕೆಳಗಿಳಿಯುತ್ತದೆ. ಅದು ವಿ-ಪೈಯ ಶೇ 5, ಮತ್ತೆ ಅದೇ 22 ಡೆಸಿಬೆಲ್. ಬಯಾಸ್, ಅಂದರೆ ಮಾಡ್ಯುಲೇಟರಿನ ಕತ್ತಲ ಬಿಂದುವನ್ನು ಹೊಂದಿಸುವ ಡಿಸಿ ವೋಲ್ಟೇಜ್, ತಿರುಗಿಸಿ ಸರಿಪಡಿಸಬಹುದು, ಆದರೆ ಪಲ್ಸ್‌ಗಳ ಸಾಂದ್ರತೆ ಬದಲಾದ ಕ್ಷಣ ಬುಡವೂ ಸರಿಯುತ್ತದೆ. ಲಯ ಬದಲಾಗದ ಪ್ರಯೋಗವಾದರೆ ಧಾರಾಳವಾಗಿ ಬಳಸಿ.

ಪಲ್ಸಿಗೆ ಆಕಾರ ಬೇಕಾದರೆ, ಉದಾಹರಣೆಗೆ ಗಾಸಿಯನ್ ಏರಿಳಿತ ಕೊಡುವ ಜನರೇಟರ್ ನಿಮ್ಮಲ್ಲಿದ್ದರೆ, ಆಗ ಆಪ್-ಆಂಪ್ ಮತ್ತೆ ಒಳಗೆ ಬರಲಿ, ಕರೆಂಟ್-ಫೀಡ್‌ಬ್ಯಾಕ್ ಬಗೆಯದು. ಟಿಎಚ್‌ಎಸ್3091 ಮೈಕ್ರೋಸೆಕೆಂಡಿಗೆ 7000 ವೋಲ್ಟಿಗಿಂತ ಹೆಚ್ಚು ವೇಗದಲ್ಲಿ ಏರುತ್ತದೆ, ±15 ವೋಲ್ಟಿನಲ್ಲಿ ನಿಲ್ಲುತ್ತದೆ, 100 ಮಿಲಿಆಂಪಿಯರ್ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಅದರ ಫೀಡ್‌ಬ್ಯಾಕ್ ರೆಸಿಸ್ಟರ್ ನಿಮ್ಮ ಇಷ್ಟದ್ದಲ್ಲ, ಡೇಟಾಶೀಟ್ ಹೇಳಿದ್ದೇ ಇರಬೇಕು. ಸಾಮಾನ್ಯ ಆಪ್-ಆಂಪಿನ ಅಭ್ಯಾಸದಂತೆ ಅದಕ್ಕೆ ಸಮಾನಾಂತರವಾಗಿ ಪುಟ್ಟ ಕೆಪಾಸಿಟರ್ ಹಾಕಿದಿರೋ, ಆಂಪ್ಲಿಫೈಯರ್ ಆಸಿಲೇಟರ್ ಆಗುತ್ತದೆ.

ಕೆಲವೇ ನ್ಯಾನೋಸೆಕೆಂಡಿನ ಪಲ್ಸ್‌ಗಳಿಗೆ ಹೋಗುವ ದಿನ ಬಂದರೆ ಸಾಮಾನ್ಯ ಗೇಟ್ ಡ್ರೈವರ್ ಕೈಕೊಡುತ್ತದೆ. ಅವುಗಳಲ್ಲಿ ಹಲವು, ತೀರಾ ಕಿರಿದಾದ ಪಲ್ಸನ್ನು ಸುಮ್ಮನೆ ನುಂಗಿಬಿಡುತ್ತವೆ. ಡೇಟಾಶೀಟಿನಲ್ಲಿ ಕನಿಷ್ಠ ಪಲ್ಸ್ ಅಗಲದ ಸಾಲು ಹುಡುಕಿ. ಆಗ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಮತ್ತು ಅದಕ್ಕೆಂದೇ ಇರುವ ಎಲ್‌ಎಂಜಿ1020 ತರಹದ ಡ್ರೈವರ್, 1 ನ್ಯಾನೋಸೆಕೆಂಡಿನ ಪಲ್ಸಿಗೂ ಸಾಕು. ಇಂಥ ಜೋಡಿ ವೋಲ್ಟೇಜನ್ನು ಕೆಳಕ್ಕೆ ಎಳೆಯುವುದರಿಂದ ಪಲ್ಸ್ ತಲೆಕೆಳಗಾಗುತ್ತದೆ. ಚಿಂತೆ ಬೇಡ. ಸೈನ್ ವರ್ಗದ ಗೆರೆ ಎರಡೂ ಕಡೆಗೆ ಸಮ. ಬಯಾಸ್ ಸರಿಯಾದ ಜಾಗದಲ್ಲಿದ್ದರೆ ಕೆಳಮುಖದ 5 ವೋಲ್ಟೂ ಬೆಳಕನ್ನು ಅಷ್ಟೇ ತೆರೆಯುತ್ತದೆ.

ಕಟ್ಟುವ ಬಗೆಯ ಬಗ್ಗೆ. ಬ್ರೆಡ್‌ಬೋರ್ಡ್ ಬೇಡವೇ ಬೇಡ. ಎರಡು ಸೆಂಟಿಮೀಟರ್ ತಂತಿ ಎಂದರೆ ಸುಮಾರು 20 ನ್ಯಾನೋಹೆನ್ರಿ. ಅದರೊಳಗೆ 120 ಮಿಲಿಆಂಪಿಯರ್ 3 ನ್ಯಾನೋಸೆಕೆಂಡಿನಲ್ಲಿ ನುಗ್ಗಿದರೆ 0.8 ವೋಲ್ಟ್ ಅಲ್ಲೇ ಬೀಳುತ್ತದೆ, ಗ್ರೌಂಡ್ ಎಂದು ನೀವು ನಂಬಿದ ಜಾಗದಲ್ಲಿ. ನಾನು ಮಾಡುವುದು ಹೀಗೆ: ತಾಮ್ರದ ಹೊದಿಕೆಯ ಬೋರ್ಡಿನ ಒಂದು ತುಂಡು, ಬೆಂಕಿಪೊಟ್ಟಣದಷ್ಟು. ಚಿಪ್ಪಿನ ಗ್ರೌಂಡ್ ಕಾಲನ್ನು ನೇರ ತಾಮ್ರಕ್ಕೆ ಬಗ್ಗಿಸಿ ಬೆಸುಗೆ. ಪೂರೈಕೆಯ ಕಾಲಿಗೂ ತಾಮ್ರಕ್ಕೂ ನಡುವೆ 0.1 ಮೈಕ್ರೋಫ್ಯಾರಡ್‌ನ ಸರ್ಫೇಸ್-ಮೌಂಟ್ ಕೆಪಾಸಿಟರನ್ನು ಕಾಲಿಗೆ ತಾಗಿದಂತೆಯೇ ನಿಲ್ಲಿಸಿ, ಪಕ್ಕದಲ್ಲಿ 10 ಮೈಕ್ರೋಫ್ಯಾರಡ್ ಇನ್ನೊಂದು. 100 ಓಮ್‌ನ ಎರಡು ಚಿಪ್ ರೆಸಿಸ್ಟರ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ 50 ಓಮ್, ಅದರ ಆಚೆ ತುದಿಗೆ ಎಸ್‌ಎಂಎ ಕನೆಕ್ಟರಿನ ನಡುಕಡ್ಡಿ. ನೋಡಲು ಅಂದವಿಲ್ಲ, ಆದರೆ ಔಟ್‌ಪುಟ್ ಅಂದವಾಗಿರುತ್ತದೆ.

ಇನ್ನೊಂದು ಪುಟ್ಟ ರೆಸಿಸ್ಟರ್ ನಿಮ್ಮ ಮಾಡ್ಯುಲೇಟರಿನ ಜೀವ ಉಳಿಸಬಹುದು. ಎಫ್‌ಪಿಜಿಎ ಆನ್ ಆಗಿ ತನ್ನ ಕಾನ್ಫಿಗರೇಷನ್ ಓದಿಕೊಳ್ಳುವ ತನಕ ಅದರ ಪಿನ್‌ಗಳು ಒಳಗಿನ ದುರ್ಬಲ ಪುಲ್-ಅಪ್‌ನಿಂದ ಮೇಲೇರಿ ನಿಂತಿರುವುದುಂಟು. ಗೇಟ್ ಡ್ರೈವರ್ ಅದನ್ನು ಪಲ್ಸ್ ಎಂದೇ ತಿಳಿದು 5 ವೋಲ್ಟನ್ನು ಎಡೆಬಿಡದೆ ಸುರಿಯುತ್ತದೆ: ಅರ್ಧ ವ್ಯಾಟ್, 27 ಡಿಬಿಎಂ. ಹಲವು ಮಾಡ್ಯುಲೇಟರುಗಳ ಇನ್‌ಪುಟ್ ಮಿತಿ ಅದರ ಆಸುಪಾಸಿನಲ್ಲೇ ಇರುತ್ತದೆ. ಡ್ರೈವರಿನ ಇನ್‌ಪುಟ್ಟಿನಿಂದ ಗ್ರೌಂಡಿಗೆ 1 ಕಿಲೋಓಮ್ ಹಾಕಿಬಿಡಿ.

ಅಳೆಯುವಾಗ ಮೋಸ ಹೋಗಬೇಡಿ. ಒಮ್ಮೆ ನಾನು 130 ಮೆಗಾಹರ್ಟ್ಸ್‌ನ ತುಯ್ದಾಟವನ್ನು ಎರಡು ದಿನ ಬೆನ್ನಟ್ಟಿದೆ. ಕೆಪಾಸಿಟರ್ ಬದಲಿಸಿದೆ, ಚಿಪ್ ಬದಲಿಸಿದೆ, ಬೋರ್ಡನ್ನೇ ಬದಲಿಸಿದೆ. ಕೊನೆಗೆ ಅದು ಇದ್ದದ್ದು ಪ್ರೋಬಿನ ಮೊಸಳೆ-ಕ್ಲಿಪ್ ತಂತಿಯಲ್ಲಿ: 15 ಸೆಂಟಿಮೀಟರಿನ ಸುಮಾರು 150 ನ್ಯಾನೋಹೆನ್ರಿ, ಪ್ರೋಬಿನ 10 ಪಿಕೋಫ್ಯಾರಡ್, ಎರಡೂ ಸೇರಿ ಹಾಡುತ್ತಿದ್ದವು. ಅಂದಿನಿಂದ ಕೇಬಲನ್ನು 20 ಡೆಸಿಬೆಲ್ ಅಟೆನ್ಯುಯೇಟರ್ ಮೂಲಕ ಆಸಿಲೋಸ್ಕೋಪಿನ 50 ಓಮ್ ಇನ್‌ಪುಟ್ಟಿಗೇ ಕೊಡುತ್ತೇನೆ. ಆ ಇನ್‌ಪುಟ್ ಸಾಮಾನ್ಯವಾಗಿ 5 ವೋಲ್ಟ್ ಆರ್‌ಎಂಎಸ್ ಮೀರಿದರೆ ಸುಡುತ್ತದೆ, ಅಟೆನ್ಯುಯೇಟರ್ ಅದಕ್ಕೂ ರಕ್ಷೆ.

ಕೊನೆಯದು ಪಾಕೆಲ್ಸ್ ಸೆಲ್. ಮೇಲಿನ ಯಾವುದನ್ನೂ ಹಿಗ್ಗಿಸಿ ಅಲ್ಲಿಗೆ ಮುಟ್ಟಲಾಗದು, ಏಕೆಂದರೆ ಹೊರೆಯ ಜಾತಿಯೇ ಬೇರೆ. ಕೆಡಿಪಿ (ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್) ಬಳಗದ ಡ್ಯೂಟರೇಟೆಡ್ ಹರಳಿಗೆ 1064 ನ್ಯಾನೋಮೀಟರಿನ ಬೆಳಕಿನಲ್ಲಿ ಕಾಲು ಅಲೆಯಷ್ಟು ಹಂತ ಸರಿಸಲಿಕ್ಕೇ 3 ಕಿಲೋವೋಲ್ಟಿಗಿಂತ ಹೆಚ್ಚು ಬೇಕು. 532ರಲ್ಲಿ ಅದರ ಅರ್ಧ ಸಾಕು. ಸೆಲ್ 50 ಓಮ್ ಅಲ್ಲ, ಬರೀ ಕೆಪಾಸಿಟರ್, ಕೆಲವು ಪಿಕೋಫ್ಯಾರಡ್. 10 ಪಿಕೋಫ್ಯಾರಡನ್ನು 5 ನ್ಯಾನೋಸೆಕೆಂಡಿನಲ್ಲಿ 3.4 ಕಿಲೋವೋಲ್ಟಿಗೆ ತುಂಬಲು 6.8 ಆಂಪಿಯರ್ ಬೇಕು. ಸರಿ, ಅದು ಸಾಧ್ಯ. ಆದರೆ ಡ್ರೈವರನ್ನು ರ‍್ಯಾಕಿನಲ್ಲಿಟ್ಟು 1 ಮೀಟರ್ ಕೋಆಕ್ಸ್ ಎಳೆದರೆ ಕೇಬಲೊಂದೇ 100 ಪಿಕೋಫ್ಯಾರಡ್. ಮೂಗಿಗಿಂತ ಮೂಗುತಿ ಭಾರವಾಗಿ 75 ಆಂಪಿಯರ್ ಬೇಕಾಗುತ್ತದೆ. ಪಾಕೆಲ್ಸ್ ಡ್ರೈವರುಗಳು ಸೆಲ್ಲಿನ ಬೆನ್ನಿಗೇ ಅಂಟಿಕೊಂಡಿರುವುದು ಇದಕ್ಕೆ. ನಿಮ್ಮ ಹತ್ತು ಲಕ್ಷ ಪಲ್ಸ್‌ಗಳ ವೇಗವನ್ನೂ ಇಲ್ಲಿ ಮರೆತುಬಿಡಿ. ಪ್ರತಿ ಪಲ್ಸಿಗೆ 10 ಪಿಕೋಫ್ಯಾರಡ್ ತುಂಬಿ ಖಾಲಿ ಮಾಡಲು ಸುಮಾರು 116 ಮೈಕ್ರೋಜೂಲ್ ಖರ್ಚು; 10 ಕಿಲೋಹರ್ಟ್ಸ್‌ನಲ್ಲಿ ಒಂದು ವ್ಯಾಟಿನ ಮಾತು, 1 ಮೆಗಾಹರ್ಟ್ಸ್‌ನಲ್ಲಿ ನೂರು ವ್ಯಾಟ್ ಮೀರಿತು. ಅದರ ಮೇಲೆ ಹರಳು ಪೀಜೋಎಲೆಕ್ಟ್ರಿಕ್ ಆದ್ದರಿಂದ ಪ್ರತಿ ಹೊಡೆತಕ್ಕೂ ಗಂಟೆಯಂತೆ ಮಿಡಿಯುತ್ತದೆ, ಆ ಮಿಡಿತ ಬೆಳಕಿನಲ್ಲಿ ಕಾಣುತ್ತದೆ.

ನಡುವಿನ ಹಂತ, ಅಂದರೆ ನೂರು ವೋಲ್ಟಿನ ಆಸುಪಾಸು, ಬೇಕಾದರೆ ಅವಲಾಂಚ್ ಟ್ರಾನ್ಸಿಸ್ಟರನ್ನು ಒಮ್ಮೆ ಕಟ್ಟಿ ನೋಡಿ. ಝಡ್‌ಟಿಎಕ್ಸ್415 ಅದಕ್ಕೆಂದೇ ಮಾಡಿದ್ದು, 260 ವೋಲ್ಟ್‌ವರೆಗೆ ತಡೆಯುತ್ತದೆ. ಅದರ ಕಲೆಕ್ಟರಿಗೆ 1 ಮೀಟರ್ ಕೋಆಕ್ಸ್ ತುಂಡನ್ನು ಆಚೆ ತುದಿ ತೆರೆದಿಟ್ಟು ಜೋಡಿಸಿ ಚಾರ್ಜ್ ಮಾಡಿದರೆ, ಟ್ರಿಗರ್ ಬಿದ್ದಾಗ ಚಾರ್ಜಿನ ಅರ್ಧದಷ್ಟು ಎತ್ತರದ, 10 ನ್ಯಾನೋಸೆಕೆಂಡ್ ಅಗಲದ ಪಲ್ಸ್ ಬರುತ್ತದೆ. ಅಗಲ ಬದಲಿಸಲು ಕೇಬಲ್ ಕತ್ತರಿಸಬೇಕು. ಇದೇ ಟ್ರಾನ್ಸಿಸ್ಟರುಗಳನ್ನು ಮಾರ್ಕ್ಸ್ ಜೋಡಣೆಯಲ್ಲಿ (ಕೆಪಾಸಿಟರುಗಳನ್ನು ಸಮಾನಾಂತರವಾಗಿ ತುಂಬಿ ಸರಣಿಯಲ್ಲಿ ಖಾಲಿ ಮಾಡುವ ಬಗೆ) ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿ ಕಿಲೋವೋಲ್ಟಿಗೆ ಹೋದವರಿದ್ದಾರೆ, ಮಾಸ್‌ಫೆಟ್ ಸಾಲುಗಳಿಂದ ಹೋದವರೂ ಇದ್ದಾರೆ. ನಿಮ್ಮ ಮೊದಲ ಪಾಕೆಲ್ಸ್ ಡ್ರೈವರನ್ನು ಮಾತ್ರ ಸಿದ್ಧವಾಗಿಯೇ ಕೊಂಡುಕೊಳ್ಳಿ. ಅದರ ಟ್ರಿಗರ್ ಇನ್‌ಪುಟ್ ಕೂಡ 50 ಓಮ್ ಟಿಟಿಎಲ್ ಆಗಿರುವ ಸಂಭವವೇ ಹೆಚ್ಚು. ನಿಮ್ಮ 74ಎಸಿಟಿ244ರಲ್ಲಿ ಇನ್ನೂ ನಾಲ್ಕು ಬಫರ್‌ಗಳು ಖಾಲಿ ಉಳಿದಿವೆ. ಕಿಲೋವೋಲ್ಟ್ ಇರುವ ತುದಿಗೆ ಮಾಮೂಲಿ ಪ್ರೋಬ್ ತಾಗಿಸಬೇಡಿ, ಸ್ವಿಚ್ ಆರಿಸಿದ ಕೂಡಲೇ ಪೆಟ್ಟಿಗೆ ತೆರೆಯಬೇಡಿ, ಒಳಗಿನ ಸಂಗ್ರಹ ಕೆಪಾಸಿಟರುಗಳು ಖಾಲಿಯಾಗಲು ಬಿಡಿ. ಪಲ್ಸ್ ಸರಿಯಿದೆಯೇ ಎಂದು ತಿಳಿಯಲು 1 ನ್ಯಾನೋಸೆಕೆಂಡಿನ ಫೋಟೋಡಯೋಡನ್ನು ಕಿರಣದ ದಾರಿಯಲ್ಲಿಟ್ಟು 50 ಓಮ್ ಇನ್‌ಪುಟ್ಟಿಗೆ ಕೊಟ್ಟರೆ ಸಾಕು. ಫೈಬರ್ ಮಾಡ್ಯುಲೇಟರಿಗೂ ನಾನು ಕೊನೆಗೆ ನಂಬುವುದು ಆ ಗೆರೆಯನ್ನೇ.